ಜೋಡಿ ಡಿಸ್ಕ್‌ನ ಸರ್ವರ್: ಪ್ರಾಕ್ಸ್‌ಮಾಕ್ಸ್ ಮೇಲೆ ಝಡ್‌ಎಫ್‌ಎಸ್ ಮಿರರ್ ಹಾಕುವ ಸಮಗ್ರ ಮಾರ್ಗದರ್ಶಿ

ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟ್. ಅಲ್ಲಿನ ಆಫೀಸಿನ ಸರ್ವರ್‌ಗೆ ಎರಡು ಡಿಸ್ಕ್‌ಗಳ ಮಿರರ್ ಹಾಕಿಕೊಟ್ಟಿದ್ದೆ. ಮಾರ್ಚ್‌ನಲ್ಲಿ ಒಂದು ಡಿಸ್ಕ್ ಸತ್ತಿತು. ಯಾರಿಗೂ ಗೊತ್ತಾಗಲಿಲ್ಲ. ಉಳಿದ ಡಿಸ್ಕ್ ಕೆಲಸ ನಡೆಸಿಕೊಂಡು ಹೋಯಿತು, ಲೆಕ್ಕ ಓಡಿತು, ಪ್ರಿಂಟ್ ಬಂತು. ಜುಲೈನಲ್ಲಿ, ಬಟವಾಡೆಯ ಹಿಂದಿನ ದಿನ, ಎರಡನೆಯದೂ ಹೋಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿ, "ಸಾರ್, ಚೆಕ್‌ರೋಲ್ ಓಪನ್ ಆಗ್ತಾ ಇಲ್ಲ" ಅಂದರು. ಚೆಕ್‌ರೋಲ್ ಎಂದರೆ ಕೆಲಸಗಾರರ ಹಾಜರಿ, ಕೂಲಿಯ ಪಟ್ಟಿ. ಹೊರಗೆ ಮಳೆ ಸುರಿಯುತ್ತಿತ್ತು. ಹಳೆಯ ಒಂದು ಪೆನ್‌ಡ್ರೈವ್ ಸಿಕ್ಕಿತು, ಉಳಿದದ್ದನ್ನು ಮೇಸ್ತ್ರಿಗಳ ಕೈಬರಹದ ಪುಸ್ತಕ ನೋಡಿ ಇಬ್ಬರೂ ಕೂತು ಮತ್ತೆ ತುಂಬಿದೆವು. ಬೆಳಗಿನ ಜಾವ ಮುಗಿಯಿತು.

ಅಂದಿನಿಂದ ನಾನು ಮಿರರ್ ಹಾಕುವ ರೀತಿ ಬದಲಾಗಿದೆ. ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ. ಒಂದು ಡಿಸ್ಕ್ ಕಿತ್ತು ನೋಡುವುದು, ಕೆಟ್ಟರೆ ಫೋನಿಗೆ ಮೇಲ್ ಬರುವಂತೆ ಮಾಡುವುದು, ಹೊಸ ಡಿಸ್ಕ್ ಹಾಕುವುದನ್ನು ಕೈಯಾರೆ ಕಲಿಯುವುದು, ಇವಕ್ಕೇ ಜಾಸ್ತಿ ಸಮಯ ಬೇಕು. ಈ ಬರಹದಲ್ಲೂ ಅವಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಯಾಕೆ ಝಡ್‌ಎಫ್‌ಎಸ್?

ಪ್ರಾಕ್ಸ್‌ಮಾಕ್ಸ್ ವಿಇ ಎಂದರೆ ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ ವರ್ಚುವಲೈಸೇಷನ್ ವ್ಯವಸ್ಥೆ. ಒಂದೇ ಕಂಪ್ಯೂಟರ್ ಒಳಗೆ ಹಲವು ಕಂಪ್ಯೂಟರ್‌ಗಳನ್ನು ಓಡಿಸಬಹುದು. ಲೆಕ್ಕದ ಸಾಫ್ಟ್‌ವೇರ್‌ಗೆ ಒಂದು ವಿಂಡೋಸ್, ಸಿಸಿಟಿವಿಗೆ ಒಂದು, ಹೋಂಸ್ಟೇ ಬುಕಿಂಗಿಗೆ ಇನ್ನೊಂದು, ಹೀಗೆ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇರುವುದರಿಂದ ಡಿಸ್ಕ್ ಹೋದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಅದಕ್ಕೇ ಮಿರರ್ ಬೇಕು. ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳಲ್ಲೂ ಬರೆಯುತ್ತಾ ಹೋಗುವುದೇ ಮಿರರ್. ರೇಡ್ 1 ಎನ್ನುವುದೂ ಇದನ್ನೇ.

ರೇಡ್ ಕಾರ್ಡ್ ಕೊಂಡು ಹಾಕಬಹುದು. ಆದರೆ ಆ ಕಾರ್ಡ್ ಕೆಟ್ಟರೆ ಅದೇ ಬಗೆಯ ಇನ್ನೊಂದು ಕಾರ್ಡ್ ಹುಡುಕಬೇಕಾಗುತ್ತದೆ. ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಅದು ಸಿಗುವುದಿಲ್ಲ. ಝಡ್‌ಎಫ್‌ಎಸ್‌ನಂಥ ಸಾಫ್ಟ್‌ವೇರ್ ಮಿರರ್‌ನ ಡಿಸ್ಕ್ ಹಾಗಲ್ಲ. ಆ ಸಾಫ್ಟ್‌ವೇರ್ ಇರುವ ಬೇರೆ ಯಾವುದೇ ಕಂಪ್ಯೂಟರ್‌ಗೆ ಸಿಕ್ಕಿಸಿ ಓದಬಹುದು.

ಇನ್ನೊಂದು ಕಾರಣ ನನಗೆ ಇನ್ನೂ ದೊಡ್ಡದು. ಸಾಮಾನ್ಯ ಮಿರರ್‌ನಲ್ಲಿ ಎರಡು ಪ್ರತಿಗಳು ಬೇರೆ ಬೇರೆ ಆಗಿಬಿಟ್ಟರೆ ಯಾವುದು ಸರಿ ಎಂದು ಸಿಸ್ಟಮ್‌ಗೆ ಗೊತ್ತಾಗುವುದಿಲ್ಲ. ಝಡ್‌ಎಫ್‌ಎಸ್ ಎಂಬುದು ಡಿಸ್ಕ್ ಮೇಲೆ ಡೇಟಾ ಇಡುವ ಒಂದು ಫೈಲ್‌ಸಿಸ್ಟಮ್. ಅದು ಡೇಟಾದ ಪ್ರತಿ ತುಂಡಿಗೂ, ಅಂದರೆ ಪ್ರತಿ ಬ್ಲಾಕ್‌ಗೂ, ಒಂದು ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಎಂದು ತಾಳೆ ನೋಡುವ ಅಂಕಿ) ಬರೆದಿಟ್ಟುಕೊಳ್ಳುತ್ತದೆ. ಓದುವಾಗ ಲೆಕ್ಕ ತಾಳೆಯಾಗದಿದ್ದರೆ ಇನ್ನೊಂದು ಡಿಸ್ಕ್‌ನ ಪ್ರತಿಯನ್ನು ತೆಗೆದು ಕೊಡುತ್ತದೆ, ಕೆಟ್ಟ ಪ್ರತಿಯನ್ನೂ ತಾನೇ ಸರಿಪಡಿಸುತ್ತದೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ 2001ರಲ್ಲಿ ಇದರ ಕೆಲಸ ಶುರುವಾಯಿತು. 2013ರಿಂದ ಓಪನ್‌ಝಡ್‌ಎಫ್‌ಎಸ್ ಹೆಸರಿನಲ್ಲಿ ಹಲವರು ಸೇರಿ ಬೆಳೆಸುತ್ತಿದ್ದಾರೆ.

ಡಿಸ್ಕ್ ಕೊಳ್ಳುವ ಮುಂಚೆ

ಒಂದೇ ಅಳತೆಯ ಎರಡು ಡಿಸ್ಕ್ ಬೇಕು. ಆದರೆ ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದೇ ದಿನ, ಒಂದೇ ಬ್ರ್ಯಾಂಡ್ ಕೊಳ್ಳಬೇಡಿ. ಒಟ್ಟಿಗೆ ತಯಾರಾದ ಡಿಸ್ಕ್‌ಗಳು ಒಂದೇ ಸಮನೆ ಸವೆಯುತ್ತವೆ, ಹತ್ತಿರ ಹತ್ತಿರದ ದಿನಗಳಲ್ಲೇ ಸಾಯುವ ಸಾಧ್ಯತೆ ಹೆಚ್ಚು. ಬೇರೆ ಬೇರೆ ಕಂಪನಿಯದಾದರೆ ಒಳ್ಳೆಯದು.

ತಿರುಗುವ ಹಾರ್ಡ್‌ಡಿಸ್ಕ್ ಆದರೆ ಬರಹದ ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವ ಎಸ್‌ಎಂಆರ್ ಬಗೆಯದು ಬೇಡ, ಹಾಗೆ ಹೊದಿಸದ ಸಿಎಂಆರ್ ಎಂದು ಕೇಳಿ ತೆಗೆದುಕೊಳ್ಳಿ. ಎಸ್‌ಎಂಆರ್‌ನಲ್ಲಿ ಮಿರರ್ ಮತ್ತೆ ಕಟ್ಟುವಾಗ ಗಂಟೆಗಳ ಕೆಲಸ ದಿನಗಟ್ಟಲೆ ಎಳೆಯುತ್ತದೆ. ಎಸ್‌ಎಸ್‌ಡಿ ಆದರೆ ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ ಕ್ಯೂಎಲ್‌ಸಿ ಬಗೆ ಬೇಡ. ಬಜೆಟ್ ಇದ್ದರೆ ಪವರ್ ಲಾಸ್ ಪ್ರೊಟೆಕ್ಷನ್ ಇರುವ ಸರ್ವರ್ ಎಸ್‌ಎಸ್‌ಡಿ ಕೊಳ್ಳಿ. ಕರೆಂಟ್ ಹೋದ ಕ್ಷಣದಲ್ಲಿ ಕೈಯಲ್ಲಿದ್ದ ಡೇಟಾವನ್ನು ಬರೆದು ಮುಗಿಸುವಷ್ಟು ಶಕ್ತಿ ಅದರ ಕೆಪಾಸಿಟರ್‌ಗಳಲ್ಲಿ ಇರುತ್ತದೆ. ಡೇಟಾಬೇಸ್ ಕೆಲಸಕ್ಕೆ ವೇಗವೂ ಜಾಸ್ತಿ.

ಮೆಮೊರಿ 16 ಜಿಬಿ ಇದ್ದರೆ ಸಣ್ಣ ಆಫೀಸಿಗೆ ಸಾಕು. ಝಡ್‌ಎಫ್‌ಎಸ್ ತನ್ನ ಕ್ಯಾಶ್‌ಗೆ, ಅಂದರೆ ಬೇಗ ಓದಲು ಡೇಟಾ ಇಟ್ಟುಕೊಳ್ಳುವ ಜಾಗಕ್ಕೆ, ಮೆಮೊರಿ ತೆಗೆದುಕೊಳ್ಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಅರ್ಧದಷ್ಟನ್ನು ಹಿಡಿಯುತ್ತಿತ್ತು. ಪ್ರಾಕ್ಸ್‌ಮಾಕ್ಸ್ 8.1ರಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಒಟ್ಟು ಮೆಮೊರಿಯ 10 ಪರ್ಸೆಂಟ್‌ಗೆ ಮಿತಿ ಹಾಕಿರುತ್ತಾರೆ.

ಆಗುವುದಾದರೆ ಮೂರನೆಯ ಡಿಸ್ಕ್ ಒಂದನ್ನು ಈಗಲೇ ಕೊಂಡು ಬೀರುವಿನಲ್ಲಿಡಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಜುಲೈನಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ ಕೊರಿಯರ್ ಬರುವುದೂ ನಿಲ್ಲುತ್ತದೆ. ಆ ದಿನಗಳಲ್ಲಿ ಒಂಟಿ ಡಿಸ್ಕ್ ಮೇಲೆ ಸರ್ವರ್ ಓಡಿಸುವುದು ಎದೆ ಹಿಡಿದುಕೊಂಡು ಕೂತ ಹಾಗೆ. ಇಟ್ಟ ಡಿಸ್ಕ್ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ.

ಬಯೋಸ್ ಮತ್ತು ಪೆನ್‌ಡ್ರೈವ್

ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪುಟದಲ್ಲಿ, ಮೂರು ಕೆಲಸ. ಸಾಟಾ ಮೋಡ್ 'ರೇಡ್' ಎಂದಿದ್ದರೆ 'ಎಎಚ್‌ಸಿಐ'ಗೆ ಬದಲಿಸಿ, ಯಾಕೆಂದರೆ ಝಡ್‌ಎಫ್‌ಎಸ್‌ಗೆ ಡಿಸ್ಕ್ ನೇರವಾಗಿ ಕಾಣಬೇಕು. ವರ್ಚುವಲೈಸೇಷನ್ ಆನ್ ಮಾಡಿ. ಇಂಟೆಲ್‌ನಲ್ಲಿ ಅದು ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ. ಎರಡೂ ಡಿಸ್ಕ್ ಪಟ್ಟಿಯಲ್ಲಿ ಕಾಣುತ್ತಿವೆಯಾ ನೋಡಿ. ಸರ್ವರ್‌ನಲ್ಲಿ ಮೊದಲೇ ರೇಡ್ ಕಾರ್ಡ್ ಇದ್ದರೆ ಅದನ್ನು ಡಿಸ್ಕ್‌ಗಳನ್ನು ನೇರವಾಗಿ ತೋರಿಸುವ ಎಚ್‌ಬಿಎ ಮೋಡ್‌ಗೆ ತಿರುಗಿಸಿ.

ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲನ್ನು ಅವರ ಅಧಿಕೃತ ತಾಣದಿಂದ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಬರೆಯಿರಿ. ಬರೆಯಲು ರೂಫಸ್ ಎಂಬ ಪ್ರೋಗ್ರಾಂ ಬಳಸುವುದಾದರೆ ಅದು ಕೇಳುವಾಗ 'ಡಿಡಿ ಇಮೇಜ್' ಮೋಡ್ ಆರಿಸಬೇಕು. ಇಲ್ಲದಿದ್ದರೆ ಬೂಟ್ ಆಗುವುದಿಲ್ಲ.

ಇನ್‌ಸ್ಟಾಲ್

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಗ್ರಾಫಿಕಲ್ ಇನ್‌ಸ್ಟಾಲ್ ಆರಿಸಿ, ಒಪ್ಪಂದಕ್ಕೆ ಒಪ್ಪಿಗೆ ಕೊಡಿ. 'ಟಾರ್ಗೆಟ್ ಹಾರ್ಡ್‌ಡಿಸ್ಕ್' ಪುಟ ಬಂದಾಗ ಕೈ ತಡೆಯಿರಿ. ಅಲ್ಲಿ ನೇರವಾಗಿ ನೆಕ್ಸ್ಟ್ ಒತ್ತಿದರೆ ಒಂದೇ ಡಿಸ್ಕ್‌ಗೆ ಇನ್‌ಸ್ಟಾಲ್ ಆಗಿಬಿಡುತ್ತದೆ. ಪಕ್ಕದ 'ಆಪ್ಷನ್ಸ್' ಒತ್ತಿ. ಫೈಲ್‌ಸಿಸ್ಟಮ್ ಪಟ್ಟಿಯಲ್ಲಿ 'ಝಡ್‌ಎಫ್‌ಎಸ್ ರೇಡ್1' ಆರಿಸಿ. 'ರೇಡ್0' ಅದರ ಪಕ್ಕದಲ್ಲೇ ಇರುತ್ತದೆ. ಅದನ್ನು ಆರಿಸಿದರೆ ಒಂದು ಡಿಸ್ಕ್ ಹೋದರೂ ಎಲ್ಲವೂ ಹೋಗುತ್ತದೆ. ಎರಡು ಸಲ ಓದಿ.

ಕೆಳಗೆ ಡಿಸ್ಕ್‌ಗಳ ಸಾಲು ಕಾಣುತ್ತದೆ. ಮಿರರ್‌ಗೆ ಬೇಕಾದ ಎರಡನ್ನು ಬಿಟ್ಟು ಬೇರೆ ಯಾವುದೇ ಡಿಸ್ಕ್ ಇದ್ದರೆ ಅದರ ಮುಂದೆ 'ಡು ನಾಟ್ ಯೂಸ್' ಇಡಿ. ಇಟ್ಟಿಲ್ಲವಾದರೆ ಅದರಲ್ಲಿರುವುದೂ ಅಳಿಸಿಹೋಗುತ್ತದೆ. ಹಳೆಯ ಡೇಟಾ ಇರುವ ಡಿಸ್ಕ್ ಇದ್ದರೆ ಇನ್‌ಸ್ಟಾಲ್ ಮುಗಿಯುವವರೆಗೆ ಅದರ ಕೇಬಲ್ಲನ್ನೇ ಕಿತ್ತಿಡುವುದು ನನ್ನ ರೂಢಿ.

'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಆಶಿಫ್ಟ್ 12 ಇರಲಿ. ಎರಡರ 12ನೇ ಘಾತ ಎಂದರೆ 4096, ಈಗಿನ ಡಿಸ್ಕ್‌ಗಳ ಸೆಕ್ಟರ್ ಅಳತೆಗೆ ಅದು ಸರಿ. ಇದನ್ನು ಆಮೇಲೆ ಬದಲಿಸಲು ಆಗುವುದಿಲ್ಲ. ಕಂಪ್ರೆಷನ್ ಆನ್ ಇರಲಿ. 'ಎಚ್‌ಡಿಸೈಜ್' ಎಂಬ ಕೊನೆಯ ಅಂಕಿಯನ್ನು ಮಾತ್ರ ಸ್ವಲ್ಪ ಇಳಿಸಿ. 1 ಟಿಬಿ ಡಿಸ್ಕ್‌ಗೆ 931 ಎಂದು ತೋರಿಸಿದರೆ ನಾನು 920 ಹಾಕುತ್ತೇನೆ. ನಾಳೆ ಬೇರೆ ಕಂಪನಿಯ 1 ಟಿಬಿ ಡಿಸ್ಕ್ ತಂದಾಗ ಅದು ಕೂದಲೆಳೆಯಷ್ಟು ಚಿಕ್ಕದಿದ್ದರೂ ಝಡ್‌ಎಫ್‌ಎಸ್ ಒಳಗೆ ಸೇರಿಸುವುದಿಲ್ಲ. ಬಿಟ್ಟ ಆ 11 ಜಿಬಿ ಅಂದು ನಿಮ್ಮನ್ನು ಉಳಿಸುತ್ತದೆ.

ಉಳಿದದ್ದು ಸುಲಭ. ದೇಶ ಇಂಡಿಯಾ, ಸಮಯ ಏಷ್ಯಾ/ಕೋಲ್ಕತಾ. ಪಾಸ್‌ವರ್ಡ್ ಗಟ್ಟಿಯಾಗಿರಲಿ. ಇಮೇಲ್ ಜಾಗದಲ್ಲಿ ನೀವು ದಿನವೂ ನೋಡುವ ವಿಳಾಸವನ್ನೇ ಕೊಡಿ, ಸುಮ್ನೆ ಏನೋ ಒಂದು ತುಂಬಬೇಡಿ. ರೂಟರ್ ಬೇರೆ ಯಾರಿಗೂ ಹಂಚದ ಒಂದು ಐಪಿ ವಿಳಾಸ ಕೊಟ್ಟು ಮುಗಿಸಿ.

ರೀಸ್ಟಾರ್ಟ್ ಆದ ಮೇಲೆ ಬೇರೆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಸೇರಿಸಿ ಆ ಐಪಿ, ಕೋಲನ್, 8006 ಎಂದು ಹಾಕಿ. ಸರ್ಟಿಫಿಕೇಟ್ ಎಚ್ಚರಿಕೆ ಬರುತ್ತದೆ, ಮುಂದುವರಿಯಿರಿ. ಹೆಸರು 'ರೂಟ್'. ಸಬ್‌ಸ್ಕ್ರಿಪ್ಷನ್ ಇಲ್ಲದವರು 'ಅಪ್‌ಡೇಟ್ಸ್' ಕೆಳಗಿನ 'ರೆಪಾಸಿಟರೀಸ್'ನಲ್ಲಿ ಎಂಟರ್‌ಪ್ರೈಸ್ ಸಾಲುಗಳನ್ನು ಡಿಸೇಬಲ್ ಮಾಡಿ, 'ನೋ-ಸಬ್‌ಸ್ಕ್ರಿಪ್ಷನ್' ಸೇರಿಸಿ ಅಪ್‌ಡೇಟ್ ಮಾಡಿಕೊಳ್ಳಿ.

ಈಗ ಕಮಾಂಡ್ ಹೊಡೆಯುವ ಶೆಲ್ ತೆರೆದು 'ಝಡ್‌ಪೂಲ್ ಸ್ಟೇಟಸ್' ಹೊಡೆಯಿರಿ. 'ಆರ್‌ಪೂಲ್' ಎಂಬ ಹೆಸರು (ಡಿಸ್ಕ್‌ಗಳು ಸೇರಿ ಆಗುವ ಒಟ್ಟು ಜಾಗಕ್ಕೆ ಝಡ್‌ಎಫ್‌ಎಸ್‌ನಲ್ಲಿ ಪೂಲ್ ಎನ್ನುತ್ತಾರೆ), ಅದರ ಕೆಳಗೆ 'ಮಿರರ್-0', ಅದರ ಕೆಳಗೆ ಎರಡು ಡಿಸ್ಕ್, ಎಲ್ಲದರ ಮುಂದೆ 'ಆನ್‌ಲೈನ್', ರೀಡ್, ರೈಟ್, ಚೆಕ್‌ಸಮ್ ಕಾಲಂಗಳಲ್ಲಿ ಸೊನ್ನೆ. ಇಷ್ಟು ಕಂಡರೆ ಮಿರರ್ ಆಗಿದೆ. ಸಾಮಾನ್ಯವಾಗಿ ಡಿಸ್ಕ್ ಹೆಸರಿನಲ್ಲೇ ಅದರ ಸೀರಿಯಲ್ ನಂಬರ್ ಸೇರಿರುತ್ತದೆ. ಆ ನಂಬರ್‌ನ ಕೊನೆಯ ನಾಲ್ಕು ಅಕ್ಷರಗಳನ್ನು ಟೇಪ್ ಮೇಲೆ ಬರೆದು, ಪೆಟ್ಟಿಗೆ ತೆರೆದಾಗ ಕಾಣುವಂತೆ ಆಯಾ ಡಿಸ್ಕ್‌ಗೆ ಅಂಟಿಸಿ. ಕೆಟ್ಟದ್ದರ ಬದಲು ಒಳ್ಳೆಯ ಡಿಸ್ಕನ್ನು ಕಿತ್ತವರನ್ನು ನಾನು ನೋಡಿದ್ದೇನೆ.

ಬೇಕೆಂದೇ ಒಂದು ಡಿಸ್ಕ್ ಕೀಳಿ

ಇದನ್ನು ಮಾಡದೆ ಯಾವ ಸರ್ವರನ್ನೂ ಯಾರ ಕೈಗೂ ಕೊಡಬೇಡಿ. ಡೇಟಾ ತುಂಬುವ ಮುಂಚೆ, ಸರ್ವರ್ ಖಾಲಿ ಇರುವಾಗಲೇ ಮಾಡಿ.

ಸರ್ವರ್ ಶಟ್‌ಡೌನ್ ಮಾಡಿ, ಪ್ಲಗ್ ತೆಗೆಯಿರಿ. ಮೊದಲ ಡಿಸ್ಕ್‌ನ ಕೇಬಲ್ ಕಿತ್ತು ಮತ್ತೆ ಆನ್ ಮಾಡಿ. ಬೂಟ್ ಆಗಬೇಕು. ಆಗದಿದ್ದರೆ ಬಯೋಸ್‌ನ ಬೂಟ್ ಪಟ್ಟಿಯಲ್ಲಿ ಎರಡನೆಯ ಡಿಸ್ಕ್ ಇಲ್ಲ ಎಂದು ಅರ್ಥ, ಅದನ್ನು ಸೇರಿಸಿ. ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲರ್ ಎರಡೂ ಡಿಸ್ಕ್‌ಗಳಲ್ಲಿ ಬೂಟ್ ಪಾರ್ಟಿಷನ್ ಮಾಡಿರುತ್ತದೆ. 'ಪ್ರಾಕ್ಸ್‌ಮಾಕ್ಸ್-ಬೂಟ್-ಟೂಲ್ ಸ್ಟೇಟಸ್' ಹೊಡೆದರೆ ಎರಡೂ ಕಾಣುತ್ತವೆ.

ಒಂಟಿ ಡಿಸ್ಕ್ ಮೇಲೆ ಬೂಟ್ ಆದಾಗ ಸ್ಟೇಟಸ್ 'ಡಿಗ್ರೇಡೆಡ್' ಎನ್ನುತ್ತದೆ. ಆ ಪದವನ್ನು ಎಸ್ಟೇಟಿನ ರೈಟರ್‌ಗೂ ಹೋಂಸ್ಟೇ ನಡೆಸುವವರಿಗೂ ತೋರಿಸಿಕೊಡಿ. ಮತ್ತೆ ಶಟ್‌ಡೌನ್ ಮಾಡಿ ಡಿಸ್ಕ್ ಜೋಡಿಸಿ, ಆನ್ ಮಾಡಿ. ಝಡ್‌ಎಫ್‌ಎಸ್ ಆ ಡಿಸ್ಕ್‌ಗೆ ತಪ್ಪಿಹೋದ ಬದಲಾವಣೆಗಳನ್ನಷ್ಟೇ ನಕಲು ಮಾಡುತ್ತದೆ. ಇದಕ್ಕೆ 'ರಿಸಿಲ್ವರ್' ಎಂದು ಹೆಸರು. ತಾನಾಗಿ ಸೇರದಿದ್ದರೆ 'ಝಡ್‌ಪೂಲ್ ಆನ್‌ಲೈನ್ ಆರ್‌ಪೂಲ್', ಆಮೇಲೆ ಡಿಸ್ಕ್ ಹೆಸರು.

ರಿಸಿಲ್ವರ್ ಪೂರ್ತಿ ಮುಗಿದು ಎರಡೂ 'ಆನ್‌ಲೈನ್' ಆದ ಮೇಲೆಯೇ ಎರಡನೆಯ ಡಿಸ್ಕನ್ನು ಕಿತ್ತು ನೋಡಬೇಕು. ಇಲ್ಲಿ ಅವಸರ ಬೇಡ. ಮುಗಿಯುವ ಮುಂಚೆ ಕಿತ್ತರೆ ಹಳೆಯ ಪ್ರತಿ ಇರುವ ಡಿಸ್ಕ್ ಒಂದೇ ಉಳಿಯುತ್ತದೆ.

ಕೆಟ್ಟ ಸುದ್ದಿ ಫೋನಿಗೆ ಬರಬೇಕು

ಸಿದ್ದಾಪುರದ ಆ ಸರ್ವರ್‌ನಲ್ಲಿ ಇಲ್ಲದೇ ಹೋದದ್ದು ಇದೊಂದೇ. ಮಾರ್ಚ್‌ನಲ್ಲಿ ಒಂದು ಮೇಲ್ ಬಂದಿದ್ದರೆ ಸಾಕಿತ್ತು.

'ಡೇಟಾಸೆಂಟರ್' ಕೆಳಗೆ 'ನೋಟಿಫಿಕೇಷನ್ಸ್' ತೆರೆದು ಮೇಲ್ ಕಳಿಸಲು ಒಂದು ಎಸ್‌ಎಂಟಿಪಿ ಟಾರ್ಗೆಟ್ ಸೇರಿಸಿ. ಜಿಮೇಲ್ ಆದರೆ ನಿಮ್ಮ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, ಟೂ-ಸ್ಟೆಪ್ ಆನ್ ಮಾಡಿ 'ಆ್ಯಪ್ ಪಾಸ್‌ವರ್ಡ್' ತೆಗೆದುಕೊಳ್ಳಬೇಕು. ಟಾರ್ಗೆಟ್ ಸೇರಿಸಿದರೆ ಮುಗಿಯಲಿಲ್ಲ. ಯಾವ ಸುದ್ದಿ ಎಲ್ಲಿಗೆ ಹೋಗಬೇಕು ಎಂದು ಹೇಳುವ, ಕೆಳಗಿನ 'ಮ್ಯಾಚರ್' ತೆರೆದು ಅದರ ಟಾರ್ಗೆಟ್ ಆಗಿ ನೀವು ಸೇರಿಸಿದ್ದನ್ನೇ ಟಿಕ್ ಮಾಡಿ. ತುಂಬ ಜನ ಇಲ್ಲೇ ತಪ್ಪುತ್ತಾರೆ. ಆಮೇಲೆ 'ಟೆಸ್ಟ್' ಒತ್ತಿ, ಫೋನ್ ಕೈಯಲ್ಲಿ ಹಿಡಿದು ಮೇಲ್ ಬರುವವರೆಗೆ ಕಾಯಿರಿ.

ಡಿಸ್ಕ್ ತೊಂದರೆಯ ಸುದ್ದಿ ಕಳಿಸುವುದು 'ಝೆಡ್' ಎಂಬ ಹಿನ್ನೆಲೆ ಪ್ರೋಗ್ರಾಂ. ಅದರ ಸೆಟ್ಟಿಂಗ್ ಫೈಲ್ 'ಇಟಿಸಿ' ಫೋಲ್ಡರಿನ 'ಝಡ್‌ಎಫ್‌ಎಸ್' ಒಳಗೆ, 'ಝೆಡ್ ಡಾಟ್ ಡಿ' ಎಂಬಲ್ಲಿ 'ಝೆಡ್ ಡಾಟ್ ಆರ್‌ಸಿ' ಎಂದಿರುತ್ತದೆ. ಅದರಲ್ಲಿ 'ನೋಟಿಫೈ ವರ್ಬೋಸ್' ಸಾಲಿನ ಮುಂದಿನ ಹ್ಯಾಶ್ ಇದ್ದರೆ ತೆಗೆದು, 0 ಇದ್ದದ್ದನ್ನು 1 ಮಾಡಿ. ಆಮೇಲೆ 'ಝಡ್‌ಎಫ್‌ಎಸ್-ಝೆಡ್' ಸರ್ವಿಸ್ ರೀಸ್ಟಾರ್ಟ್ ಮಾಡಿ. ಈಗ ಎಲ್ಲ ಸರಿ ಇದ್ದರೂ ಸ್ಕ್ರಬ್ ಮುಗಿದಾಗ ಒಂದು ಮೇಲ್ ಬರುತ್ತದೆ. ಆ ತಿಂಗಳು ಮೇಲ್ ಬರಲಿಲ್ಲ ಎಂದರೆ ಏನೋ ಹೆಚ್ಚುಕಮ್ಮಿ ಆಗಿದೆ ಎಂದು ತಿಳಿಯುತ್ತದೆ. ನನಗೆ ಇದರಷ್ಟು ಧೈರ್ಯ ಕೊಡುವ ಸೆಟ್ಟಿಂಗ್ ಬೇರೆ ಇಲ್ಲ.

ಸ್ಕ್ರಬ್ ಎಂದರೆ ಡಿಸ್ಕ್‌ಗಳಲ್ಲಿರುವ ಎಲ್ಲವನ್ನೂ ಓದಿ ಚೆಕ್‌ಸಮ್ ತಾಳೆ ನೋಡುವುದು. ತಿಂಗಳ ಎರಡನೇ ಭಾನುವಾರ, ಮಧ್ಯರಾತ್ರಿ ಕಳೆದ ಮೇಲೆ ತಾನಾಗಿ ಶುರುವಾಗುತ್ತದೆ. ಆದರೆ ನಮ್ಮ ಕಡೆ ಶನಿವಾರ ಸಂಜೆ ಆಫೀಸ್ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗುವವರು ಜಾಸ್ತಿ. ಅಂಥ ಕಡೆ ಸ್ಕ್ರಬ್ ಯಾವತ್ತೂ ಆಗುವುದೇ ಇಲ್ಲ. ಅವರು ತಿಂಗಳಿಗೊಮ್ಮೆ ಕೆಲಸದ ದಿನವೇ 'ಝಡ್‌ಪೂಲ್ ಸ್ಕ್ರಬ್ ಆರ್‌ಪೂಲ್' ಹೊಡೆಯಲಿ.

ವರ್ಚುವಲ್ ಮಷಿನ್‌ಗಳು

ಪ್ರಾಕ್ಸ್‌ಮಾಕ್ಸ್ ಒಳಗೆ ಓಡುವ ಕಂಪ್ಯೂಟರ್‌ಗಳಿಗೆ ವರ್ಚುವಲ್ ಮಷಿನ್ ಎನ್ನುತ್ತಾರೆ. ಹೊಸದೊಂದನ್ನು ಮಾಡುವಾಗ ಅದರ ಡಿಸ್ಕ್ ಇಡುವ ಜಾಗ 'ಲೋಕಲ್-ಝಡ್‌ಎಫ್‌ಎಸ್'. ಬಸ್ 'ವರ್ಟ್‌ಐಒ ಸ್ಕಸಿ', ಕ್ಯಾಶ್ 'ನೋ ಕ್ಯಾಶ್', 'ಡಿಸ್ಕಾರ್ಡ್' ಟಿಕ್. ವಿಂಡೋಸ್‌ಗೆ ವರ್ಟ್‌ಐಒ ಡ್ರೈವರ್ ಐಎಸ್‌ಒ ಬೇರೆ ಇಳಿಸಿಕೊಳ್ಳಬೇಕು. ಪೂಲ್ 80 ಪರ್ಸೆಂಟ್ ದಾಟಲು ಬಿಡಬೇಡಿ, ತುಂಬಿದಷ್ಟೂ ನಿಧಾನವಾಗುತ್ತದೆ. ಸಿಸಿಟಿವಿ ರೆಕಾರ್ಡಿಂಗ್ ಅನ್ನು ಈ ಮಿರರ್ ಮೇಲೆ ಹಾಕಬೇಡಿ. ಅದಕ್ಕೆ ಬೇರೆ ಅಗ್ಗದ ಡಿಸ್ಕ್ ಸಾಕು.

ಕರೆಂಟ್, ಸಿಡಿಲು, ತೇವ

ಝಡ್‌ಎಫ್‌ಎಸ್ ಹಳೆಯ ಬ್ಲಾಕ್ ಮೇಲೆ ತಿದ್ದಿ ಬರೆಯುವುದಿಲ್ಲ, ಹೊಸ ಜಾಗದಲ್ಲಿ ಬರೆದು ಆಮೇಲೆ ಗುರುತು ಬದಲಿಸುತ್ತದೆ. ಹಾಗಾಗಿ ದಿಢೀರ್ ಕರೆಂಟ್ ಹೋದರೆ ಪೂಲ್ ಸಾಮಾನ್ಯವಾಗಿ ಹಾಳಾಗುವುದಿಲ್ಲ. ಆದರೆ ಕೊನೆಯ ಕೆಲವು ಸೆಕೆಂಡ್‌ಗಳ ಬರಹ ಹೋಗಬಹುದು, ಒಳಗಿನ ವಿಂಡೋಸ್‌ಗೆ ಪೆಟ್ಟಾಗಬಹುದು. ಯುಪಿಎಸ್ ಬೇಕೇ ಬೇಕು. ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ಕೊಂಡು, 'ನಟ್' ಎಂಬ ಪ್ರೋಗ್ರಾಂ ಹಾಕಿದರೆ ಬ್ಯಾಟರಿ ಇಳಿದಾಗ ಸರ್ವರ್ ತಾನೇ ಕ್ರಮವಾಗಿ ಶಟ್‌ಡೌನ್ ಆಗುತ್ತದೆ. ವರ್ಚುವಲ್ ಮಷಿನ್‌ಗಳಲ್ಲಿ 'ಗೆಸ್ಟ್ ಏಜೆಂಟ್' ಹಾಕಿದ್ದರೆ ಅವೂ ನೀಟಾಗಿ ಮುಚ್ಚಿಕೊಳ್ಳುತ್ತವೆ. ಮಳೆಗಾಲದಲ್ಲಿ ಕರೆಂಟ್ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ ಅಲ್ವಾ, ಅದಕ್ಕೆ ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗುವ ಸೆಟ್ಟಿಂಗನ್ನು ನಾನು ಆಫ್ ಇಡುತ್ತೇನೆ. ಯಾರಾದರೂ ಬಂದು ನೋಡಿ ಆನ್ ಮಾಡಲಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಪೆಟ್ಟು ತಾಮ್ರದ ನೆಟ್‌ವರ್ಕ್ ಕೇಬಲ್ ಮೂಲಕವೂ ಬರುತ್ತದೆ. ಪ್ಲಗ್ ತೆಗೆದವರು ಆ ಕೇಬಲ್ಲನ್ನೂ ತೆಗೆಯಬೇಕು. ಅರ್ತಿಂಗ್ ಒಮ್ಮೆ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ.

ಡಿಸ್ಕ್ ಬದಲಿಸುವುದು

ಮೇಲ್ ಬಂತು, ಸ್ಟೇಟಸ್ 'ಡಿಗ್ರೇಡೆಡ್' ಎನ್ನುತ್ತಿದೆ. ಗಾಬರಿ ಬೇಡ. ಮೊದಲು ಬ್ಯಾಕಪ್ ಒಂದು ತೆಗೆಯಿರಿ. ಆಮೇಲೆ ಈ ಸಾಲಿನಲ್ಲೇ ಹೋಗಿ:

1. ಕೆಟ್ಟ ಡಿಸ್ಕ್‌ನ ಸೀರಿಯಲ್ ನಂಬರ್ ಬರೆದುಕೊಳ್ಳಿ. ಶಟ್‌ಡೌನ್ ಮಾಡಿ, ಟೇಪ್ ನೋಡಿ ಅದನ್ನೇ ತೆಗೆಯಿರಿ, ಬೀರುವಿನ ಡಿಸ್ಕ್ ಹಾಕಿ.

2. ಒಳ್ಳೆಯ ಡಿಸ್ಕ್‌ನ ಪಾರ್ಟಿಷನ್ ನಕ್ಷೆಯನ್ನು ಹೊಸದಕ್ಕೆ ನಕಲಿಸಬೇಕು. ಕಮಾಂಡ್ 'ಎಸ್‌ಜಿಡಿಸ್ಕ್', ನಂತರ ಒಳ್ಳೆಯ ಡಿಸ್ಕ್, ನಂತರ ಹೈಫನ್ ಮತ್ತು ದೊಡ್ಡಕ್ಷರದ ಆರ್, ಕೊನೆಗೆ ಹೊಸ ಡಿಸ್ಕ್. ಈ ಕ್ರಮ ತಿರುವು ಮುರುವಾದರೆ ಒಳ್ಳೆಯ ಡಿಸ್ಕ್‌ನ ನಕ್ಷೆ ಅಳಿಸಿಹೋಗುತ್ತದೆ. ಎಂಟರ್ ಒತ್ತುವ ಮುಂಚೆ ಗಟ್ಟಿಯಾಗಿ ಓದಿ: ಆರ್ ಆದ ಮೇಲೆ ಬರುವುದು ಹೊಸದು.

3. 'ಎಸ್‌ಜಿಡಿಸ್ಕ್', ಹೈಫನ್, ದೊಡ್ಡಕ್ಷರದ ಜಿ, ಹೊಸ ಡಿಸ್ಕ್. ಹೊಸದಕ್ಕೆ ಬೇರೆ ಗುರುತು ಸಂಖ್ಯೆ ಸಿಗುತ್ತದೆ.

4. 'ಝಡ್‌ಪೂಲ್ ರಿಪ್ಲೇಸ್', ಹೈಫನ್ ಎಫ್, 'ಆರ್‌ಪೂಲ್', ಹಳೆಯ ಡಿಸ್ಕ್‌ನ 3ನೇ ಪಾರ್ಟಿಷನ್, ಹೊಸ ಡಿಸ್ಕ್‌ನ 3ನೇ ಪಾರ್ಟಿಷನ್. 'ಡಿಸ್ಕ್' ಫೋಲ್ಡರಿನ 'ಬೈ-ಐಡಿ' ಹೆಸರುಗಳನ್ನೇ ಬಳಸಿ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಮುಂದಿನ ಬೂಟ್‌ನಲ್ಲಿ ಅದಲುಬದಲಾಗಬಹುದು.

5. 'ಪ್ರಾಕ್ಸ್‌ಮಾಕ್ಸ್-ಬೂಟ್-ಟೂಲ್ ಫಾರ್ಮ್ಯಾಟ್' ಮತ್ತು ಹೊಸ ಡಿಸ್ಕ್‌ನ 2ನೇ ಪಾರ್ಟಿಷನ್. ಆಮೇಲೆ ಅದೇ ಟೂಲ್, 'ಇನಿಟ್', ಅದೇ ಪಾರ್ಟಿಷನ್. ಇದನ್ನು ಮರೆತರೆ ಡೇಟಾ ಎರಡು ಕಡೆ ಇರುತ್ತದೆ, ಬೂಟ್ ಮಾತ್ರ ಒಂದೇ ಡಿಸ್ಕ್‌ನಲ್ಲಿ ಉಳಿಯುತ್ತದೆ.

ರಿಸಿಲ್ವರ್ ಹಿಡಿಯುವ ಸಮಯ ತುಂಬಿದ ಡೇಟಾ ಮೇಲೆ ಹೋಗುತ್ತದೆ, ಡಿಸ್ಕ್‌ನ ಅಳತೆ ಮೇಲೆ ಅಲ್ಲ. ಅದು ಮುಗಿಯುವವರೆಗೆ ಭಾರದ ಕೆಲಸ ಬೇಡ. 'ಝಡ್‌ಪೂಲ್ ಆ್ಯಡ್' ಎಂಬ ಕಮಾಂಡನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಅದು ಹೊಸ ಡಿಸ್ಕನ್ನು ಮಿರರ್ ಜೊತೆಗಾರನಾಗಿ ಸೇರಿಸುವುದಿಲ್ಲ, ಪಕ್ಕದಲ್ಲಿ ಒಂಟಿಯಾಗಿ ಸೇರಿಸುತ್ತದೆ. ಆಮೇಲೆ ಆ ಒಂಟಿ ಡಿಸ್ಕ್ ಸತ್ತರೆ ಪೂಲ್ ಪೂರ್ತಿ ಹೋಗುತ್ತದೆ.

ಮಿರರ್ ಇದ್ದರೂ ಬ್ಯಾಕಪ್

ರೈಟರ್ ತಪ್ಪಿ ಒಂದು ಫೈಲ್ ಅಳಿಸಿದರೆ ಎರಡೂ ಡಿಸ್ಕ್‌ನಲ್ಲಿ ಒಂದೇ ಕ್ಷಣಕ್ಕೆ ಅಳಿಯುತ್ತದೆ. ವೈರಸ್ ಬಂದರೂ ಹಾಗೆಯೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮನೆಗಳೇ ಉಳಿಯಲಿಲ್ಲ. ಒಂದೇ ಪೆಟ್ಟಿಗೆಯಲ್ಲಿರುವ ಎರಡು ಡಿಸ್ಕ್ ಅಂಥ ದಿನಕ್ಕೆ ಏನೂ ಮಾಡಲಾರವು.

'ಡೇಟಾಸೆಂಟರ್', 'ಬ್ಯಾಕಪ್', 'ಆ್ಯಡ್'. ದಿನವೂ ರಾತ್ರಿ ಎಂಟಕ್ಕೆ, ಮೋಡ್ 'ಸ್ನ್ಯಾಪ್‌ಶಾಟ್', ಕಂಪ್ರೆಷನ್ 'ಝಡ್‌ಎಸ್‌ಟಿಡಿ', ಉಳಿಸಿಕೊಳ್ಳುವುದು ಕೊನೆಯ 7. ಬರೆಯುವ ಜಾಗ ಯುಎಸ್‌ಬಿ ಡಿಸ್ಕ್. ಅಂಥವು ಎರಡು ಇರಲಿ. ಒಂದು ಸರ್ವರ್‌ನಲ್ಲಿದ್ದರೆ ಇನ್ನೊಂದು ಪೇಟೆಯಲ್ಲಿರುವ ನೆಂಟರ ಮನೆಯಲ್ಲೋ ಬ್ಯಾಂಕ್ ಲಾಕರ್‌ನಲ್ಲೋ ಇರಲಿ. ವಾರಕ್ಕೊಮ್ಮೆ, ಸಂತೆಗೆ ಹೋಗುವ ದಿನ, ಅದಲುಬದಲು ಮಾಡಿ.

ತಿಂಗಳಿಗೊಮ್ಮೆ ಒಂದು ಬ್ಯಾಕಪ್ಪನ್ನು ಹೊಸ ಮಷಿನ್ ನಂಬರ್ ಕೊಟ್ಟು ರಿಸ್ಟೋರ್ ಮಾಡಿ. ನೆಟ್‌ವರ್ಕ್ ಕಿತ್ತಿಟ್ಟು ಆನ್ ಮಾಡಿ, ಚೆಕ್‌ರೋಲ್ ತೆರೆದು ಹೋದ ವಾರದ ಬಟವಾಡೆಯ ಮೊತ್ತ ಪುಸ್ತಕದ ಮೊತ್ತಕ್ಕೆ ಸರಿಹೊಂದುತ್ತದೆಯಾ ನೋಡಿ. ಸರಿ ಇದ್ದರೆ ಆ ಪರೀಕ್ಷೆಯ ಮಷಿನನ್ನು ಅಳಿಸಿ, ದಿನಾಂಕವನ್ನು ಸರ್ವರ್ ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಿಡಿ.